ಬೆವರುವ ಕೈಗೊಂದು ಚೀಲ

ಕರುವಿಗೆ ಏನೂ ಆಗಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟರು. ಆಮೇಲೆ ಕರು ಅಗಿದುಹಾಕಿದ್ದ ಚೀಲವನ್ನು ನನ್ನ ಮೇಜಿನ ಮೇಲಿಟ್ಟರು.

ಚನ್ನಗಿರಿಯಲ್ಲಿ ನನ್ನದೊಂದು ಕುಷನ್ ಅಂಗಡಿ ಇದೆ. ಟ್ರ್ಯಾಕ್ಟರಿನ ಸೀಟು, ಬೈಕಿನ ಸೀಟು, ಆಟೋದ ಹುಡ್ಡು ಹರಿದಾಗ ಜನ ತರುತ್ತಾರೆ. ಹಳೆಯದನ್ನು ಬಿಚ್ಚಿ ಹೊಸ ರೆಕ್ಸಿನ್ ಹಾಕಿ ಹೊಲಿದು ಕೊಡುತ್ತೇನೆ. ಅಂಗಡಿಯ ಹಿಂದೆಯೇ ಮನೆ. ಮುಂದೆ ಎರಡು ಮಷೀನು. ದಪ್ಪ ಸೂಜಿಯದು ನನ್ನದು. ಇನ್ನೊಂದು ಹೆಂಡತಿಯದು, ಅದರಲ್ಲಿ ಅವಳು ರವಿಕೆ, ಲಂಗ ಹೊಲಿಯುತ್ತಾಳೆ. ಡಾಕ್ಟರಮ್ಮ ದನದ ಡಾಕ್ಟರು. ಮೈಸೂರು ಕಡೆಯವರು, ತ್ಯಾವಣಿಗೆ ಸುತ್ತಿನ ಹಳ್ಳಿಗಳಲ್ಲಿ ಸ್ಕೂಟರ್ ಮೇಲೆ ಓಡಾಡುತ್ತಾರೆ. ಆ ಸ್ಕೂಟರಿನ ಸೀಟು ಹೊಲಿದವನು ನಾನು. ನಮ್ಮಿಬ್ಬರಿಗೂ ಇದ್ದ ಪರಿಚಯ ಅಷ್ಟೇ.

ಹಿಂದಿನ ದಿನ ಅವರು ಒಂದು ಹಸುವಿಗೆ ಹೆರಿಗೆ ಮಾಡಿಸಲು ಹೋಗಿದ್ದರಂತೆ. ಸ್ಕೂಟರಿನ ಕೊಕ್ಕೆಗೆ ಚೀಲ ನೇತುಹಾಕಿ ಕೊಟ್ಟಿಗೆಯೊಳಗೆ ಹೋಗಿದ್ದಾರೆ. ಹೊರಗೆ ಕಟ್ಟಿದ್ದ ಹೋದ ವರ್ಷದ ಕರುವಿಗೆ ಹಗ್ಗ ಸ್ವಲ್ಪ ಉದ್ದವಾಗಿತ್ತು. ಅವರು ಬರುವಷ್ಟರಲ್ಲಿ ಒಂದು ಬೆಲ್ಟು, ಅರ್ಧ ಬಳೆಯಂಥ ಪ್ಲಾಸ್ಟಿಕ್ಕು, ಜೊಲ್ಲು ಹಿಡಿದ ಒಂದಿಷ್ಟು ಬಟ್ಟೆ ಉಳಿದಿತ್ತು. ಒಳಗಿದ್ದ ಬಿಳಿ ಪುಡಿಯನ್ನು ಕರು ಪೂರ್ತಿ ನೆಕ್ಕಿತ್ತು.

"ಇಂಥದ್ದು ಒಂದು ಮಾಡಿಕೊಡೋಕ್ಕೆ ಆಗುತ್ತಾ ಅಣ್ಣ?" ಎಂದರು.

"ಏನ್ ಮೇಡಂ ಇದು?"

"ಚಾಕ್ ಬ್ಯಾಗು."

"ಚಾಕ್‌ಪೀಸ್ ಇಡಾಕಾ? ನೀವು ಸ್ಕೂಲ್‌ನಾಗೂ ಪಾಠ ಹೇಳ್ತೀರೇನು?"

ಅವರು ನಗಲಿಲ್ಲ. ರಜೆ ಸಿಕ್ಕಾಗಲೆಲ್ಲ ತಾವು ಬಂಡೆ ಹತ್ತುವುದಾಗಿ ಹೇಳಿದರು. ಹತ್ತುವಾಗ ಕೈ ಬೆವರಿ ಜಾರುತ್ತದೆ, ಅದಕ್ಕೆ ಸೊಂಟದ ಹಿಂದೆ ಈ ಚೀಲ ಕಟ್ಟಿಕೊಂಡಿರುತ್ತಾರೆ, ನಡುನಡುವೆ ಕೈ ಹಿಂದಕ್ಕೆ ಚಾಚಿ ಪುಡಿಯಲ್ಲಿ ಅದ್ದುತ್ತಾರೆ, ಅಂಗೈ ಒಣಗುತ್ತದೆ.

"ಎಲ್ಲಾರ ಕೈಯೂ ಬೆವರ್ತಾವಾ?" ಎಂದು ಕೇಳಿದೆ.

"ಎಲ್ಲರದ್ದೂ."

"ಅದಕ್ಕೆ ಅಂತಾನೇ ಪುಡಿ ಐತಾ?"

"ಇದೆ."

ನಾನು ಮೇಜಿನ ಕೆಳಗೆ ಎರಡೂ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡೆ. ಆಗ ನನ್ನ ವಯಸ್ಸು ನಲವತ್ತೇಳು. ಅಂಥದ್ದೊಂದು ಪುಡಿ ಇದೆಯೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ನನ್ನ ಅಂಗೈ ಹುಟ್ಟಿನಿಂದಲೂ ಬೆವರುತ್ತದೆ. ಸೆಕೆ ಬೇಕಿಲ್ಲ, ಹೆದರಿಕೆ ಬೇಕಿಲ್ಲ, ಸುಮ್ಮನೆ ಕೂತರೂ ಸಾಕು. ಗೋವಿನಕೋವಿಯ ಶಾಲೆಯಲ್ಲಿ ನಾನು ಬರೆದ ಉತ್ತರಪತ್ರಿಕೆಯ ಮೇಲೆ ಶಾಯಿ ಹರಡಿ, ಉತ್ತರ ಸರಿಯೋ ತಪ್ಪೋ ಮೇಷ್ಟ್ರಿಗೆ ತಿಳಿಯುತ್ತಿರಲಿಲ್ಲ. ಇದರಿಂದ ನನಗೆ ಲುಕ್ಸಾನಿಗಿಂತ ಲಾಭವೇ ಹೆಚ್ಚಾಗಿರಬೇಕು. ಹತ್ತನೇ ತರಗತಿ ಮುಗಿದ ಮೇಲೆ ಅಪ್ಪ ನನ್ನನ್ನು ಹೊನ್ನಾಳಿಯ ಒಬ್ಬ ಷರ್ಟಿನ ಟೈಲರ್ ಹತ್ತಿರ ಕೆಲಸ ಕಲಿಯಲು ಬಿಟ್ಟರು. ಮೂರು ತಿಂಗಳಲ್ಲಿ ಕಾಲರ್ ಹಾಕುವುದು ಕಲಿತೆ. ಅಷ್ಟು ಬೇಗ ಕಾಲರ್ ಕಲಿತವರು ತಮ್ಮ ಅಂಗಡಿಯಲ್ಲಿ ಇಲ್ಲ ಎಂದು ಉಸ್ತಾದರು ಬಂದವರ ಮುಂದೆ ಹೇಳುತ್ತಿದ್ದರು.

ಆಮೇಲೆ ಒಬ್ಬ ಮದುಮಗನ ಬಿಳಿ ಷರ್ಟು ಬಂತು. ಎರಡು ದಿನ ಕೂತು ಹೊಲಿದೆ. ಇಸ್ತ್ರಿ ಹಾಕಿದಾಗ ಎದೆಯ ಮೇಲೆ ನನ್ನ ಎರಡು ಅಂಗೈಗಳು ತಿಳಿ ಹಳದಿ ಬಣ್ಣದಲ್ಲಿ ಎದ್ದು ಬಂದವು. ಬೆರಳು ಹತ್ತೂ ಲೆಕ್ಕ ಹಾಕಬಹುದಿತ್ತು.

"ಲೇ, ನಿನ್ನ ಅಂಗೈಯಾಗೆ ಹೊಳಿ ಹರೀತೈತಲ್ಲೋ," ಎಂದರು ಉಸ್ತಾದರು.

ಒಳ್ಳೆಯ ಮನುಷ್ಯ. ಬೈಯಲಿಲ್ಲ. ಪೌಡರ್ ಡಬ್ಬಿ ತಂದು ಕೊಟ್ಟರು. ಅದು ನನ್ನ ಅಂಗೈಯಲ್ಲಿ ಮೈದಾ ಹಿಟ್ಟಿನಂತೆ ಕಲಸಿಕೊಂಡಿತು. ಟವೆಲ್ ಕೊಟ್ಟರು. ಕೈಚೀಲ ಹಾಕಿಕೊಂಡು ಹೊಲಿಯಲು ಹೇಳಿದರು. ಮಷೀನು ಕೈಚೀಲವನ್ನೂ ಸೇರಿಸಿ ಹೊಲಿಯಿತು. ಕೊನೆಗೆ ಚನ್ನಗಿರಿಯಲ್ಲಿ ಸೀಟ್ ಕವರ್ ಹೊಲಿಯುತ್ತಿದ್ದ ತಮ್ಮ ಸ್ನೇಹಿತರ ಬಳಿ ಕರೆದುಕೊಂಡು ಬಂದು ಬಿಟ್ಟರು. "ರೆಕ್ಸಿನ್ ಆದ್ರೆ ಒರೆಸಿದ್ರೆ ಹೋಗ್ತೈತೆ," ಎಂದು ಹೇಳಿ ಬಸ್ಸು ಹತ್ತಿದರು. ನಾನು ಈ ಕಸುಬಿಗೆ ಬಂದದ್ದು ಹೀಗೆ.

ಮದುವೆಯಲ್ಲಿ ಧಾರೆಯ ಹೊತ್ತಿಗೆ ಹೆಂಡತಿಯ ಕೈ ಹಿಡಿದದ್ದೂ ಇದೇ ಕೈಯಿಂದ. ಒಂದು ವಾರದ ಮೇಲೆ ಅವಳು, "ಧಾರೆ ನೀರು ಭಾಳ ಹೊತ್ತು ಆರಲೇ ಇಲ್ಲ ಅಂದ್ಕಂಡಿದ್ದೆ," ಎಂದಳು. ಅವಳ ಸ್ವಭಾವ ಹಾಗೆ.

ಹಾಗಾಗಿ ಡಾಕ್ಟರಮ್ಮನ ಕೆಲಸವನ್ನು ನಾನು ಒಪ್ಪಿಕೊಂಡೆ. ಆನ್‌ಲೈನಿನಲ್ಲಿ ಸಿಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವರು, "ಸಿಗುತ್ತೆ. ಆದ್ರೆ ನಿಮ್ಮ ಸೀಟಿನ ಹೊಲಿಗೆ ನೋಡಿದೀನಿ. ಕರು ಕೈಲಿ ಆಗಲ್ಲ," ಎಂದರು. ಮೂವತ್ತು ವರ್ಷದಲ್ಲಿ ನನ್ನ ಕೆಲಸವನ್ನು ಯಾರೂ ಇಷ್ಟು ಸರಿಯಾಗಿ ಹೊಗಳಿರಲಿಲ್ಲ.

ಮೊದಲನೆಯ ಚೀಲವನ್ನು ನನಗೆ ಗೊತ್ತಿದ್ದ ರೀತಿಯಲ್ಲೇ ಮಾಡಿದೆ. ಹೊರಗೆ ಕಪ್ಪು ರೆಕ್ಸಿನ್, ಒಳಗೆ ಫೋಮು, ಅಂಚಿಗೆ ಕೆಂಪು ಬೀಡಿಂಗು, ಡಬಲ್ ಹೊಲಿಗೆ. ಮೇಜಿನ ಮೇಲಿಟ್ಟರೆ ಚಿಕ್ಕ ಬುಲೆಟ್ ಬೈಕಿನ ಸೀಟಿನ ಹಾಗೆ ಕಾಣುತ್ತಿತ್ತು. ಡಾಕ್ಟರಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿದರು. ತಮ್ಮ ಹತ್ತಿರ ಉಳಿದಿದ್ದ ಪುಡಿಯ ಪ್ಯಾಕೆಟ್ಟಿನಿಂದ ಸ್ವಲ್ಪ ಸುರಿದು ಕೈ ಇಳಿಸಿದರು. ಕೈ ಇಳಿಯಿತು, ಹೊರಗೆ ಬರಲಿಲ್ಲ. ಎಳೆದಾಗ ಬಂತು. ಸೂಜಿಯ ತೂತುಗಳಿಂದ ಪುಡಿ ಸಣ್ಣಗೆ ಸೋರಿ ಮೇಜಿನ ಮೇಲೆ ರಂಗೋಲಿಯ ಎಳೆಯಂತೆ ಬಿತ್ತು.

"ಗಟ್ಟಿಯಾಗಿದೆ," ಎಂದರು.

"ಹೌದು ಮೇಡಂ."

"ಇದರ ಮೇಲೆ ಕೂರಬಹುದು."

"ಕುಂತ್ಕಳಬೌದು ಮೇಡಂ, ಏನೂ ಆಗಲ್ಲ," ಎಂದೆ. ಅವರು ಹೇಳಿದ್ದು ಹೊಗಳಿಕೆಯಲ್ಲ ಎಂದು ಸಂಜೆ ಹೆಂಡತಿ ತಿಳಿಸಿ ಹೇಳಿದಳು.

ಅವರು ಒಂದು ಹಾಳೆಯಲ್ಲಿ ಬೇಕಾದದ್ದನ್ನು ಬರೆದುಕೊಟ್ಟು, ಹಾಕಿ ನೋಡಲೆಂದು ಪುಡಿಯ ಪ್ಯಾಕೆಟ್ಟನ್ನೂ ಬಿಟ್ಟು ಹೋಗಿದ್ದರು. ಹಗುರವಾಗಿರಬೇಕು. ನೋಡದೆ ಕೈ ಹಾಕಿದರೂ ಬಾಯಿ ಸಿಗಬೇಕು, ಅಂದರೆ ಬಾಯಿ ಸದಾ ತೆರೆದಿರಬೇಕು. ಆದರೆ ಬೇಡವಾದಾಗ ಬಿಗಿಯಾಗಿ ಮುಚ್ಚಬೇಕು. ಒಳಗಿನ ಬಟ್ಟೆ ಪುಡಿಯನ್ನು ಹಿಡಿದಿಟ್ಟುಕೊಳ್ಳಬೇಕು, ಕೈಗೂ ಕೊಡಬೇಕು. ಓದಿದಾಗ ಇದು ಚೀಲಕ್ಕಿಂತ ಮನುಷ್ಯನಿಗೆ ಹೇಳಿದ ಬುದ್ಧಿಮಾತಿನ ಹಾಗೆ ಕಂಡಿತು. ಹಾಳೆಯನ್ನು ಗೋಡೆಗೆ ಅಂಟಿಸಿದೆ.

ಎರಡನೆಯದನ್ನು ದಪ್ಪ ಕ್ಯಾನ್ವಾಸಿನಲ್ಲಿ ಹೊಲಿದೆ. ಒಳಗೆ ಕಂಬಳಿಯ ತುಂಡು ಹಾಕಿದೆ. ಕಂಬಳಿ ಪುಡಿಯನ್ನು ಹಿಡಿದಿಟ್ಟುಕೊಂಡಿತು, ಆದರೆ ಕೊಡಲಿಲ್ಲ. ಎಷ್ಟು ಸುರಿದರೂ ನುಂಗುತ್ತಿತ್ತು. ಅದೂ ಅಲ್ಲದೆ ಡಾಕ್ಟರಮ್ಮನ ಕೈ ದನಗಳ ಹೆರಿಗೆ ಮಾಡಿಸಿ ಮಾಡಿಸಿ ಮೊಣಕೈವರೆಗೆ ತರಚಿಕೊಂಡಿರುತ್ತದೆ. ಕಂಬಳಿ ತಾಗಿದ್ದೇ ಅವರು ಹಲ್ಲು ಕಚ್ಚಿದರು. ಆಮೇಲೆ ಟರ್ಕಿ ಟವೆಲ್ ಹಾಕಿ ನೋಡಿದೆ. ಕೊನೆಗೆ ನನ್ನದೇ ಹಳೆಯ ಚಳಿ ಜಾಕೆಟ್ಟಿನ ಒಳಗಿನ ಮೆತ್ತನೆಯ ಬಟ್ಟೆ ಹೊಂದಿತು. ಜಾಕೆಟ್ಟು ಎಲ್ಲಿ ಎಂದು ಹೆಂಡತಿ ಕಾರ್ತೀಕದಲ್ಲಿ ಕೇಳಿದಳು. ಅಷ್ಟು ಹೊತ್ತಿಗೆ ಅದಕ್ಕೆ ಒಳಗು ಇರಲಿಲ್ಲ.

ಬಾಯಿಯದು ದೊಡ್ಡ ತಲೆನೋವಾಯಿತು. ಕಬ್ಬಿಣದ ತಂತಿ ಹಾಕಿದರೆ ಒಮ್ಮೆ ಬಗ್ಗಿದ್ದು ಮತ್ತೆ ದುಂಡಗಾಗುತ್ತಿರಲಿಲ್ಲ. ಸೈಕಲ್ ಚಕ್ರದ ಕಡ್ಡಿ ಬಟ್ಟೆಯನ್ನು ತೂರಿಕೊಂಡು ಹೊರಗೆ ಬಂತು. ಫೋಮಿನ ಬಂಡಲಿಗೆ ಬಿಗಿದು ಬರುವ ಪ್ಲಾಸ್ಟಿಕ್ ಪಟ್ಟಿ ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ. ಒಂದು ದಿನ ಅದು ಕಾಲಿಗೆ ತೊಡರಿ ನಾನು ಬಿದ್ದೆ. ಬಿದ್ದವನು ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತೆ. ಎಷ್ಟು ಹಿಚುಕಿದರೂ ಬಿಟ್ಟ ಕೂಡಲೇ ಮತ್ತೆ ದುಂಡಗಾಗುತ್ತಿತ್ತು. ಎರಡು ಸುತ್ತು ಮಾಡಿ ಅಂಚಿನೊಳಗೆ ಹೊಲಿದೆ. ಬಾಯಿ ತೆರೆದು ನಿಂತಿತು.

ತೆರೆದದ್ದನ್ನು ಮುಚ್ಚುವುದು ಹೇಗೆ? ಜಿಪ್ಪು ಹಾಕಿದೆ, ಪುಡಿ ಸಿಕ್ಕಿ ಎರಡನೆಯ ದಿನಕ್ಕೆ ನಿಂತಿತು. ಹೆಂಡತಿ ತನ್ನ ಮಷೀನಿನಿಂದ ತಲೆ ಎತ್ತದೆ, "ಲಾಡಿ ಹಾಕ್ರಿ," ಎಂದಳು.

"ಇದೇನು ಲಂಗಾನಾ?"

"ಲಂಗ ಇಷ್ಟು ದಿನ ಯಾರದ್ದಾದ್ರೂ ಜಾರೈತಾ?"

ಒಳಗಿನ ಬಟ್ಟೆಯನ್ನು ಅಂಚಿಗಿಂತ ನಾಲ್ಕು ಬೆರಳು ಮೇಲಕ್ಕೆ ಬಿಟ್ಟು ಲಾಡಿ ಪೋಣಿಸಿದೆ. ಒಂದು ಕಡೆಯಿಂದ ಎಳೆದರೆ ಬಟ್ಟೆಯೆಲ್ಲ ಅತ್ತ ಕಡೆಗೇ ಗುಡ್ಡೆಯಾಗಿ, ಇತ್ತ ಕಡೆ ಕಿಂಡಿ ಉಳಿಯುತ್ತಿತ್ತು. ಅವ್ವ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರ ಸೊಂಟದಲ್ಲಿ ಸದಾ ಒಂದು ಎಲೆಅಡಿಕೆ ಸಂಚಿ ಇರುತ್ತದೆ. ಅದಕ್ಕೆ ಎರಡು ದಾರ, ಒಂದು ಎಡದಿಂದ, ಇನ್ನೊಂದು ಬಲದಿಂದ. ಎರಡನ್ನೂ ಒಟ್ಟಿಗೆ ಎಳೆದರೆ ಬಾಯಿ ನಟ್ಟನಡುವೆ ಮುಚ್ಚುತ್ತದೆ. ನಲವತ್ತೇಳು ವರ್ಷ ದಿನಕ್ಕೆ ಹತ್ತು ಸಲ ನೋಡಿದ ವಸ್ತು. ಆ ದಿನವೇ ಮೊದಲ ಸಲ ಅದನ್ನು ಕೈಗೆ ಕೊಡಿ ಎಂದು ಕೇಳಿದೆ.

"ಯಾಕೋ?"

"ಹೊಲಿಗೆ ನೋಡಬೇಕವ್ವಾ."

ಅವ್ವ ಅಡಿಕೆಯನ್ನೆಲ್ಲ ಸೆರಗಿಗೆ ಸುರಿದುಕೊಂಡು ಸಂಚಿ ಕೊಟ್ಟರು. ನನ್ನ ಚೀಲವನ್ನು ತಾವು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಇದೂ ಸಂಚಿನೇ. ಬಾಯಿ ದೊಡ್ಡದಾತು ಅಷ್ಟೆ," ಎಂದರು. ಒಳಗಿನ ಬಿಳಿ ಪುಡಿಗೆ ಬೆರಳು ಅದ್ದಿ, ನಾನು ತಡೆಯುವಷ್ಟರಲ್ಲಿ ನಾಲಗೆಗೆ ಹಚ್ಚಿಕೊಂಡರು. "ಸುಣ್ಣ ಅಲ್ಲ ಇದು. ಸಪ್ಪಗೈತೆ."

ಹೀಗೆ ಆ ಪುಡಿಯನ್ನು ತಿಂದವರು ಇಬ್ಬರಾದರು. ಫೋನು ಮಾಡಿ ಕೇಳಿದೆ. ಏನೂ ಆಗುವುದಿಲ್ಲ, ದನಗಳಿಗೆ ಹೊಟ್ಟೆ ಉಬ್ಬರಿಸಿದಾಗ ಅದೇ ಜಾತಿಯ ಪುಡಿಯನ್ನು ತಾವೇ ಕೊಡುವುದುಂಟು ಎಂದರು ಡಾಕ್ಟರಮ್ಮ. ಇದನ್ನು ಅವ್ವನಿಗೆ ಹೇಳಲಿಲ್ಲ.

ಎರಡು ದಾರ ಹಾಕಿದ ಮೇಲೆ ಚೀಲ ಚೀಲವಾಯಿತು. ಮಧ್ಯಾಹ್ನ ಊಟದ ನಂತರ ಹೆಂಡತಿ ಒಳಗೆ ಮಲಗಿದ್ದಳು, ಬೀದಿಯಲ್ಲಿ ಯಾರೂ ಇರಲಿಲ್ಲ. ಪುಡಿ ಹಾಕಿ ಚೀಲವನ್ನು ಸೊಂಟದ ಹಿಂದೆ ಕಟ್ಟಿಕೊಂಡೆ. ನೋಡದೆ ಕೈ ಹಿಂದಕ್ಕೆ ಚಾಚಿದೆ. ಬಾಯಿ ಸಿಕ್ಕಿತು. ಮೊದಲು ಬಲಗೈ, ಆಮೇಲೆ ಎಡಗೈ. ಹೊರಗೆ ತೆಗೆದು ಉಜ್ಜಿಕೊಂಡೆ. ಎರಡು ಕೈಗಳ ನಡುವೆ ಸರಸರ ಎಂದು ಸಣ್ಣ ಸದ್ದಾಯಿತು. ನನ್ನ ಅಂಗೈಗಳು ಅಂಥ ಸದ್ದು ಮಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಇನ್ನೊಮ್ಮೆ ಉಜ್ಜಿದೆ. ಹೆಂಡತಿಯ ಬುಟ್ಟಿಯಲ್ಲಿ ರವಿಕೆಯ ಒಳಪದರಕ್ಕೆಂದು ಇಟ್ಟಿದ್ದ ಬಿಳಿ ಬಟ್ಟೆ ತೆಗೆದು ಮುಷ್ಟಿಯಲ್ಲಿ ಹಿಡಿದು, ನೂರರವರೆಗೆ ಎಣಿಸಿ, ಬಿಡಿಸಿ ನೋಡಿದೆ. ಕಲೆಯಾಗಿತ್ತು. ಆದರೆ ಒದ್ದೆಯದ್ದಲ್ಲ, ಪುಡಿಯದು. ಬಿಳಿ ಬಟ್ಟೆಯ ಮೇಲೆ ಬಿಳಿ ಕಲೆ. ಕೊಡವಿದೆ, ಹೋಯಿತು.

ಸ್ಟೂಲಿನ ಮೇಲೆ ಕೂತೆ. ಸ್ವಲ್ಪ ಹೊತ್ತು ಎದ್ದೇಳಲು ಮನಸ್ಸಾಗಲಿಲ್ಲ. ಟ್ರ್ಯಾಕ್ಟರ್ ಸೀಟು ಹೊಲಿಯಲು ಕೊಟ್ಟಿದ್ದವನೊಬ್ಬ ಬಂದು, "ಏನ್ರಿ, ಸುಣ್ಣ ಬಳೀತಿದ್ರೇನು?" ಎಂದು ಕೇಳಿದ. ಹೌದು ಎಂದೆ.

ಡಾಕ್ಟರಮ್ಮ ಚೀಲ ಒಯ್ಯಲು ಬಂದಾಗ ಅವರಿಗೆ ಹೇಳಿಬಿಟ್ಟೆ. "ಮೇಡಂ, ನನ್ನ ಕೈನೂ ಬೆವರ್ತಾವೆ."

ಅವರು ನನ್ನ ಕೈ ಎಳೆದುಕೊಂಡು ಅಂಗೈ ತಿರುಗಿಸಿ, ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿದರು. ಹಸುವಿನ ಗೊರಸನ್ನೂ ಹೀಗೇ ನೋಡುತ್ತಾರೆಂದು ಕಾಣುತ್ತದೆ. "ನಾನು ದನದ ಡಾಕ್ಟರು, ಮನುಷ್ಯರಿಗೆ ಔಷಧ ಬರೆಯೋ ಹಾಗಿಲ್ಲ," ಎಂದರು. "ನನಗೂ ಹೀಗೇ ಆಗುತ್ತೆ ಅಣ್ಣ, ಬಂಡೆ ಮೇಲೆ ಹೆದರಿಕೆ ಆದಾಗ."

"ನಾನು ಹೆದರಿಲ್ಲ ಮೇಡಂ. ಸುಮ್ನೆ ಕುಂತಿದೀನಿ."

ಅವರು ನನ್ನ ಕೈ ಬಿಟ್ಟು ಚೀಲದ ಎರಡೂ ದಾರ ಎಳೆದು ಬಾಯಿ ಮುಚ್ಚಿ ನೋಡಿದರು. ಆಮೇಲೆ, "ಭಾನುವಾರ ಜಗಳೂರು ಕಡೆ ಹತ್ತೋಕೆ ಹೋಗ್ತೀವಿ. ಅಕ್ಕನ್ನೂ ಕರ್ಕೊಂಡು ಬನ್ನಿ. ಚೀಲ ಹೇಗೆ ಕೆಲಸ ಮಾಡುತ್ತೆ ನೋಡಬೇಕಲ್ವಾ?" ಎಂದರು.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆವು. ಅಲ್ಲಿಂದ ಡಾಕ್ಟರಮ್ಮನ ಇಬ್ಬರು ಗೆಳತಿಯರ ಕಾರಿನಲ್ಲಿ ಹೋಗಿ, ಮುಳ್ಳುಕಂಟಿಗಳ ನಡುವೆ ಸ್ವಲ್ಪ ನಡೆದಾಗ ಬಂಡೆ ಬಂತು. ಎರಡು ಮನೆ ಒಂದರ ಮೇಲೊಂದು ಇಟ್ಟಷ್ಟು ಎತ್ತರ. ಹಿಂದಿನಿಂದ ಬಂದರೆ ಮೇಲಕ್ಕೆ ನಡೆದುಕೊಂಡೇ ಹೋಗಬಹುದಿತ್ತು. ಹೆಂಡತಿ ಅದನ್ನು ಅವರಿಗೆ ತೋರಿಸಿಕೊಟ್ಟಳು. ಗೊತ್ತಿದೆ ಎಂದರು.

ಬಂಡೆಯ ತುದಿಯಲ್ಲಿ ಸಿಕ್ಕಿಸಿ ಇಳಿಬಿಟ್ಟಿದ್ದ ಹಗ್ಗದ ಒಂದು ಕೊನೆಯನ್ನು ಡಾಕ್ಟರಮ್ಮ ಕಟ್ಟಿಕೊಂಡರು, ಇನ್ನೊಂದನ್ನು ಕೆಳಗೆ ಒಬ್ಬ ಗೆಳತಿ ಹಿಡಿದಳು. ನನ್ನ ಚೀಲ ಅವರ ಸೊಂಟದ ಹಿಂದೆ ಒಂದು ಕುಣಿಕೆಯಲ್ಲಿ ನೇತಾಡುತ್ತಿತ್ತು. ಅವರು ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡು ಮೇಲೆ ಹೋದರು. ನಿಂತರು. ಕೈ ಹಿಂದಕ್ಕೆ ಬಂತು, ನೋಡದೆಯೇ ಚೀಲದ ಬಾಯಿಗೆ ಹೋಯಿತು, ಬೆಳ್ಳಗಾಗಿ ಹೊರಗೆ ಬಂತು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಅದು ನಾನು ಹೊಲಿದದ್ದು ಎಂದು ಹೇಳುತ್ತಿದ್ದೆ. ಹೆಂಡತಿ ಚೆನ್ನಾಗಿ ಕಾಣಲೆಂದು ಬಂಡೆಯ ಬುಡಕ್ಕೇ ಹೋಗಿ ಬಾಯಿ ತೆರೆದು ಮೇಲೆ ನೋಡುತ್ತ ನಿಂತಿದ್ದಳು.

ಡಾಕ್ಟರಮ್ಮ ಬಲಗಾಲನ್ನು ಎದೆಯ ಮಟ್ಟಕ್ಕೆ ಎತ್ತಿ ಒಂದು ಕಡೆಗೆ ವಾಲಿದರು. ಚೀಲ ಬೆಲ್ಟಿನ ಮೇಲೆ ಜಾರಿ ಸೊಂಟದ ಪಕ್ಕಕ್ಕೆ ಬಂದು, ತೊಡೆಗೆ ತಾಗಿ ಬೋರಲಾಯಿತು.

ಪುಡಿ ಮೋಡದ ಹಾಗೆ ಇಳಿಯಿತು. ಅದು ಚದುರಿದಾಗ ಹೆಂಡತಿ ಅದೇ ಜಾಗದಲ್ಲಿ ನಿಂತಿದ್ದಳು. ರೆಪ್ಪೆ ಕೂಡ ಬೆಳ್ಳಗಿತ್ತು.

"ನನ್ ಮಕ ನೋಡ್ರಿ ಹೆಂಗಾಗೈತೆ."

"ಬೆಳ್ಳಗಾಗೈತೆ," ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಟ್ಟು ಮಾಡಲಿಲ್ಲ. ಡಾಕ್ಟರಮ್ಮ ಇಳಿದು ಬಂದು ಕ್ಷಮೆ ಕೇಳುತ್ತಿದ್ದರೆ, ಅವಳು ಅವರನ್ನು ಭುಜ ಹಿಡಿದು ತಿರುಗಿಸಿ ನಿಲ್ಲಿಸಿ ಚೀಲವನ್ನು ಅತ್ತಿತ್ತ ಆಡಿಸಿ ನೋಡಿದಳು. "ಒಂದೇ ಕಿವಿ ಇಟ್ಟೀರಿ. ತಿರುಗದೆ ಏನ್ ಮಾಡ್ತೈತೆ? ಎರಡು ಹಾಕ್ರಿ, ಈ ಕಡಿಗೊಂದು, ಆ ಕಡಿಗೊಂದು."

ಅವಳು ಹೇಳಿದ್ದು ಸರಿಯಾಗಿತ್ತು. ನಾನು ಎಲ್ಲಿಗೆ ಹೋದರೂ ಜೇಬಿನಲ್ಲಿ ದಪ್ಪ ಸೂಜಿ, ದಾರ ಇರುತ್ತದೆ. ಪಟ್ಟಿಗೆಂದು ಊಟದ ಬ್ಯಾಗಿನ ಹಿಡಿಕೆ ಕತ್ತರಿಸಿದೆ. ಬಂಡೆಯ ನೆರಳಿನಲ್ಲಿ ಕೂತು ಹಳೆಯ ಕುಣಿಕೆ ಬಿಚ್ಚಿ ಎರಡು ಹೊಸದು ಹಾಕತೊಡಗಿದೆ. ನಾಲ್ವರು ಹೆಂಗಸರು ಸುತ್ತ ನಿಂತು ನೋಡುತ್ತಿದ್ದರು. ಅಂಗೈ ನೀರಾಯಿತು. ಸೂಜಿ ಬೆರಳುಗಳ ನಡುವೆ ಜಾರಿತು, ಎರಡನೆಯ ಸಲವೂ ಜಾರಿತು. ಚೀಲದ ತಳದಲ್ಲಿ ಸ್ವಲ್ಪ ಪುಡಿ ಉಳಿದಿತ್ತು. ಹೊಲಿಯುತ್ತಿದ್ದ ಚೀಲಕ್ಕೇ ಕೈ ಇಳಿಸಿ ಅದ್ದಿಕೊಂಡೆ. ಸೂಜಿ ನಿಂತಿತು. ಯಾರೂ ಅದರ ಬಗ್ಗೆ ಏನೂ ಹೇಳಲಿಲ್ಲ; ಹೆಂಡತಿಯನ್ನು ಬಿಟ್ಟರೆ ಅಲ್ಲಿದ್ದವರೆಲ್ಲ ಅದನ್ನೇ ಮಾಡುವವರು.

ಎರಡು ಕಿವಿಯ ಚೀಲಕ್ಕೆ ಗೆಳತಿಯರ ಪುಡಿ ತುಂಬಿಕೊಂಡು ಡಾಕ್ಟರಮ್ಮ ಮತ್ತೆ ಹತ್ತಿದರು. ಈ ಸಲ ಅದು ಅಲುಗಾಡಲಿಲ್ಲ. ತುದಿ ಮುಟ್ಟಿ, ಅಲ್ಲಿಂದ ಕೈ ಬೀಸಿದರು. ಹೆಂಡತಿ ತಾನೂ ಕೈ ಬೀಸಿದಳು, ಆದರೆ ಹತ್ತು ಹೆಜ್ಜೆ ದೂರದಿಂದ.

ಇಳಿದು ಬಂದವರು ಬೆಲ್ಟು ಬಿಚ್ಚಿ ನನಗೆ ಕೊಟ್ಟರು. "ನೀವೂ ಒಂದು ಸಲ ಹತ್ತಿ ಅಣ್ಣ."

"ನನಗೆ ಬರಂಗಿಲ್ಲ ಮೇಡಂ."

"ನಾವು ಹಗ್ಗ ಹಿಡೀತೀವಿ. ಒಂದು ಹಸು ಬಿದ್ರೂ ನಿಲ್ಲುತ್ತೆ ಈ ಹಗ್ಗ."

ಹಗ್ಗ ಕಟ್ಟಿದರು. ಎರಡೂ ಕೈ ಚೀಲದಲ್ಲಿ ಅದ್ದಿಕೊಂಡು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂಡೆಗೆ ಎದೆ ಕೊಟ್ಟು ನಿಂತೆ. ಬಿಸಿಯಾಗಿತ್ತು. ಬೆರಳಿಗೆ ಒಂದು ಸಣ್ಣ ಅಂಚು ಸಿಕ್ಕಿತು. ಹಿಡಿದೆ, ಕೈ ಜಾರಲಿಲ್ಲ. ಇನ್ನೊಂದು ಹಿಡಿದೆ. ನೆಲ ಬಿಟ್ಟು ನನ್ನ ಎದೆಮಟ್ಟದಷ್ಟು ಎತ್ತರಕ್ಕೆ ಹೋಗಿರಬೇಕು. ಅಲ್ಲಿ ಕಾಲು ಹೊಲಿಗೆ ಮಷೀನಿನ ಸೂಜಿಯ ಹಾಗೆ ನಡುಗಲು ಶುರುವಾಯಿತು. ಕೈ ಮಾತ್ರ ಒಣಗಿಯೇ ಇತ್ತು. ಇಷ್ಟು ವರ್ಷ ಕೈಯನ್ನು ಅನುಮಾನಿಸಿ ಕಾಲನ್ನು ನಂಬಿದ್ದೆ ಎಂದು ಅಲ್ಲಿ ತಿಳಿಯಿತು. ಮೇಲೆ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಮೂಗಿನ ಮುಂದೆ ಒಂದು ಕೆಂಪು ಇರುವೆ ಯಾವ ಪುಡಿಯೂ ಇಲ್ಲದೆ ಹತ್ತಿ ಹೋಯಿತು.

"ಇಳೀರಿ ಸಾಕು," ಎಂದಳು ಹೆಂಡತಿ ಕೆಳಗಿನಿಂದ. "ಒಗ್ಗರಣೆ ಮಂಡಕ್ಕಿ ಮೆತ್ತಗಾಗ್ತಾವೆ."

ಇಳಿದೆ. ಎಲ್ಲರೂ ಕೂತು ಮಂಡಕ್ಕಿ ತಿಂದೆವು. ಕೈ ಬಿಡದೆ ಇಷ್ಟು ಹೊತ್ತು ನಿಂತದ್ದೇ ದೊಡ್ಡದು ಎಂದು ಒಬ್ಬ ಗೆಳತಿ ಹೇಳಿದಳು. ನಾನು ಹೌದು ಎಂದೆ. ಬಿಡಲು ಹೆದರಿಕೆಯಾಗಿತ್ತು ಎಂದು ಹೇಳಲಿಲ್ಲ.

ಆ ಇಬ್ಬರೂ ತಮಗೊಂದೊಂದು ಚೀಲ ಬೇಕು ಎಂದರು. ಅವರ ಪರಿಚಯದವರೂ ಕೇಳಿದರು. ಟ್ರ್ಯಾಕ್ಟರ್ ಸೀಟಿನ ಕೆಲಸ ಕಡಿಮೆಯಿದ್ದಾಗ ನಾನು ಹೊರಗಿನದನ್ನು ಹೊಲಿಯುತ್ತೇನೆ, ಒಳಗಿನದನ್ನೂ ಲಾಡಿಯನ್ನೂ ಹೆಂಡತಿ ನೋಡಿಕೊಳ್ಳುತ್ತಾಳೆ. ಹೂವಿನ ಸೀರೆಯ ಚೂರುಗಳಿಂದ ಹೊರಗೆ ಪಟ್ಟಿ ಹಾಕಿದ್ದು ಅವಳದೇ ಕೆಲಸ. ನನಗೆ ಅದು ಬೇಡವೆನಿಸಿತ್ತು. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. ಡಾಕ್ಟರಮ್ಮ ನನಗೊಂದು ಪುಡಿಯ ಪ್ಯಾಕೆಟ್ಟು ಕೊಟ್ಟರು. ನನ್ನ ಮಷೀನಿನ ಕಾಲಿಗೂ ಒಂದು ಚೀಲ ಕಟ್ಟಿದ್ದೇನೆ. ಪುಡಿ ಗಂಟೆ ಹೊತ್ತು ನಿಲ್ಲುತ್ತದೆ, ಮತ್ತೆ ಅದ್ದಬೇಕು. ಬೆವರು ವಾಸಿಯಾಗಿಲ್ಲ.

ಕಳೆದ ವಾರ ಡಾಕ್ಟರಮ್ಮ ಹೊಸದೊಂದು ಕೇಳಿದ್ದಾರೆ. ಸೊಂಟಕ್ಕೆ ಕಟ್ಟುವುದಲ್ಲ, ನೆಲದ ಮೇಲಿಟ್ಟು ನಾಲ್ಕು ಜನ ಒಟ್ಟಿಗೆ ಕೈ ಅದ್ದುವಂಥದ್ದು, ಬಕೆಟ್ಟಿನಷ್ಟು ದೊಡ್ಡದು, ಮುಚ್ಚಿ ಉರುಳಿಸಿದರೂ ಪುಡಿ ಚೆಲ್ಲಬಾರದು. ಬಾಯಿಯ ವಿಷಯದಲ್ಲಿ ನಾನೂ ಹೆಂಡತಿಯೂ ಒಂದು ಮಾತಿಗೆ ಬಂದಿದ್ದೇವೆ. ತಳದ ವಿಷಯದಲ್ಲಿ ಬಂದಿಲ್ಲ. ದುಂಡಗಿರಲಿ ಎನ್ನುತ್ತಾಳೆ ಅವಳು, ಚೌಕವಾಗಿರಲಿ ಎನ್ನುತ್ತೇನೆ ನಾನು. ಸದ್ಯಕ್ಕೆ ಎರಡನ್ನೂ ಕಾಗದದಲ್ಲಿ ಕತ್ತರಿಸಿ ಮೇಜಿನ ಮೇಲೆ ಇಟ್ಟಿದ್ದೇವೆ, ಗಾಳಿಗೆ ಹಾರದಿರಲೆಂದು ಮೇಲೆ ಕತ್ತರಿ ಇಟ್ಟು.